ಮುಚ್ಚಳಕ್ಕೆ ಬಿದ್ದ ಮೊಹರು

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಆ ಭಾನುವಾರ ನಮ್ಮ ಬೀದಿಯಲ್ಲಿ ನಡೆದದ್ದರಲ್ಲಿ ನನ್ನ ತಪ್ಪೇನೂ ಇಲ್ಲ. ಇದ್ದರೂ ಬಹಳ ಸಣ್ಣದು. ಆ ಸಣ್ಣದನ್ನು ಎದುರುಮನೆ ಟೈಲರ್ ದೊಡ್ಡದು ಮಾಡಿದ, ಬೀದಿಯವರು 'ಕಾಯ್ದೆ' ಎಂದು ಕರೆಯುವ ಹಿರಿಯರು ಅದಕ್ಕೆ ಕೈಕಾಲು ಜೋಡಿಸಿದರು, ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಅದನ್ನು ಕಾಗದದ ಮೇಲೆ ಬರೆದು ಕೆಳಗೆ ರುಜು ಹಾಕಿದರು. ನಾನು ಮಾಡಿದ್ದು ಇಷ್ಟೇ. ಒಂದು ಮುಚ್ಚಳ ತೆಗೆಯಲು ಹೋದೆ, ತೆಗೆಯದೆ ವಾಪಸ್ಸು ಬಂದೆ.

ಮುಚ್ಚಳ ಮೋಟರ್‌ಸೈಕಲ್ಲಿನ ಪೆಟ್ರೋಲ್ ಟ್ಯಾಂಕಿನದು, ಮೋಟರ್‌ಸೈಕಲ್ಲು ನಮ್ಮ ಮಾವನವರದು. ಮಾವನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಅಳಿಯಂದಿರು, ಒಂದು ಮೋಟರ್‌ಸೈಕಲ್ಲು. ಪ್ರೀತಿಯ ವಿಚಾರಕ್ಕೆ ಬಂದರೆ ಮೋಟರ್‌ಸೈಕಲ್ಲು ಮೊದಲು, ಹೆಣ್ಣುಮಕ್ಕಳು ಆಮೇಲೆ. ಅಳಿಯಂದಿರ ಹೆಸರು ಆ ಪಟ್ಟಿಯಲ್ಲಿ ಇರಲಿಲ್ಲ. ಮೂವತ್ತೊಂದು ವರ್ಷ ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಅದರ ಮೇಲೆ ಓಡಾಡಿದರು, ಟ್ಯಾಂಕಿನ ಮೇಲೆ ಒಂದು ಗೀರು ಬೀಳಲು ಬಿಡಲಿಲ್ಲ. ಹೋದ ವರ್ಷ ಸೊಂಟ ಕೈಕೊಟ್ಟಿತು. ಇನ್ನು ಮೇಲೆ ಕಾಲೆತ್ತಿ ಹಾಕಿ ಗಾಡಿ ಹತ್ತುವ ಹಾಗಿಲ್ಲ ಎಂದರು ಡಾಕ್ಟರು. ಮಾವ ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಮೂರನೆಯ ದಿನ ನನ್ನನ್ನು ಕರೆಸಿದರು.

"ಅಳಿಯಂದಿರೇ, ತಗೊಂಡು ಹೋಗಿ. ಆರು ತಿಂಗಳು ನೋಡ್ತೀನಿ. ನಿಮ್ಮ ಕೈಗೆ ಬಗ್ಗಲಿಲ್ಲ ಅಂದ್ರೆ ಚಿಕ್ಕ ಅಳಿಯಂದಿರಿಗೆ ಕೊಟ್ಟುಬಿಡ್ತೀನಿ."

ಚಿಕ್ಕ ಅಳಿಯ, ಅಂದರೆ ನನ್ನ ಷಡ್ಡಕ, ಪಕ್ಕದಲ್ಲೇ ನಿಂತಿದ್ದ. ತನ್ನ ಮದುವೆಯ ದಿನದಿಂದ ಅವನ ಕಣ್ಣು ಆ ಗಾಡಿಯ ಮೇಲಿತ್ತು. ಹೆಣ್ಣು ನೋಡಲು ಬಂದವನು ಹೆಣ್ಣಿಗಿಂತ ಮೊದಲು ಅಂಗಳದಲ್ಲಿ ಗಾಡಿಯನ್ನು ನೋಡಿ ಒಪ್ಪಿಕೊಂಡನೆಂದು ನಾನು ಇವತ್ತಿಗೂ ನಂಬಿದ್ದೇನೆ. ಮಾವ ಕೀಲಿಯನ್ನು ನನ್ನ ಕೈಗೆ ಹಾಕುತ್ತ, "ಒಂದು ವಿಷಯ. ಇದರ ಟ್ಯಾಂಕಿನ ಮುಚ್ಚಳ ಸ್ವಲ್ಪ ಹಠಮಾರಿ. ನನ್ನ ಕೈ ಬಿಟ್ಟು ಬೇರೆ ಯಾರ ಕೈಗೂ ಬಗ್ಗಲ್ಲ. ಮೆಕ್ಯಾನಿಕ್ಕೇ ಸೋತು ಹೋಗಿದ್ದಾನೆ. ಬನ್ನಿ, ತೋರಿಸಿಕೊಡ್ತೀನಿ" ಎಂದರು.

ಷಡ್ಡಕ ಕಿವಿ ನಿಮಿರಿಸಿದ. ಅವನ ಎದುರಿಗೆ ನಾನು ಮುಚ್ಚಳ ತೆಗೆಯುವ ಪಾಠ ಹೇಳಿಸಿಕೊಳ್ಳಬೇಕೇ? "ಏನ್ ಮಾವ, ಪೆಟ್ರೋಲ್ ಪಂಪನ್ನೇ ಪರೀಕ್ಷೆ ಮಾಡೋ ಮನುಷ್ಯ ನಾನು. ನನಗೆ ಮುಚ್ಚಳದ ಪಾಠಾನಾ?" ಎಂದು ನಕ್ಕು ಗಾಡಿ ಏರಿದೆ.

ಇದು ಸುಳ್ಳಲ್ಲ. ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಗುಮಾಸ್ತ. ನಮ್ಮ ಇನ್‌ಸ್ಪೆಕ್ಟರ್ ಸಾಹೇಬರು ಪೆಟ್ರೋಲ್ ಪಂಪಿನಿಂದ ಐದು ಲೀಟರ್ ಅಳತೆ ಪಾತ್ರೆಗೆ ಹಿಡಿಸಿ ನೋಡುತ್ತಾರೆ. ಪಾತ್ರೆ ಹಿಡಿಯುವವನು ನಾನು. ಅಳತೆ ಸರಿಯಾಗಿದ್ದರೆ ಪಂಪಿನ ಪೆಟ್ಟಿಗೆಗೆ ತಂತಿ ಸುತ್ತಿ, ತುದಿಗೆ ಸೀಸದ ಗುಂಡು ಪೋಣಿಸಿ, ಇಕ್ಕಳದಿಂದ ಒತ್ತಿ ಮೊಹರು ಹಾಕುವವನೂ ನಾನೇ. ನಾನು ಒತ್ತಿದ ಮೊಹರನ್ನು ಸಾಹೇಬರ ಅಪ್ಪಣೆಯಿಲ್ಲದೆ ಮುಟ್ಟುವ ಧೈರ್ಯ ಊರಲ್ಲಿ ಯಾರಿಗೂ ಇಲ್ಲ.

ಮಾವ ತುಂಬಿಸಿಕೊಟ್ಟಿದ್ದ ಪೆಟ್ರೋಲು ಮೂರು ವಾರ ಬಂತು. ಶನಿವಾರ ಬೆಳಿಗ್ಗೆ ಗಾಡಿ ಕೆಮ್ಮತೊಡಗಿತು. ಹತ್ತಿರದ ಬಂಕಿಗೆ ಹೋದೆ. ಹೋದ ತಿಂಗಳು ಇದೇ ಬಂಕಿನಲ್ಲಿ ಸಾಹೇಬರ ಹಿಂದೆ ನಿಂತು, "ಒಂದು ಹನಿ ಕಡಿಮೆ ಬಂದ್ರೂ ಸುಮ್ನಿರಲ್ಲ" ಎಂದು ಕೈ ಬೀಸಿ ಭಾಷಣ ಮಾಡಿದ್ದೆ. ಪಂಪಿನವನಿಗೆ ಅದು ಚೆನ್ನಾಗಿ ನೆನಪಿತ್ತು.

"ಬನ್ನಿ ಸಾರ್, ಬನ್ನಿ. ಫುಲ್ಲಾ?"

"ಫುಲ್" ಎಂದು ಗಂಭೀರವಾಗಿ ಕೀಲಿ ತಿರುಗಿಸಿದೆ. ಕೀಲಿ ಅರ್ಧ ತಿರುಗಿ ನಿಂತಿತು. ವಾಪಸ್ಸು ತಿರುಗಿಸಿ ಮತ್ತೆ ತಿರುಗಿಸಿದೆ. ಅರ್ಧಕ್ಕೇ ನಿಂತಿತು. ಮುಚ್ಚಳವನ್ನು ಅಂಗೈಯಿಂದ ಒತ್ತಿದೆ, ಗುದ್ದಿದೆ, ಬಾಯಿಂದ ಊದಿದೆ. ಯಾರಿಗೂ ಕೇಳಿಸದಂತೆ "ದಮ್ಮಯ್ಯ" ಎಂದೂ ಹೇಳಿ ನೋಡಿದೆ. ಹಿಂದೆ ಸಾಲು ಬೆಳೆಯಿತು, ಹಾರ್ನುಗಳು ಶುರುವಾದವು. ಪಂಪಿನವನು ಕೊಳವೆ ಹಿಡಿದುಕೊಂಡು ಬಹಳ ವಿನಯದಿಂದ ಕೇಳಿದ:

"ಸಾರ್, ನಮ್ಮ ಪಂಪಿಗೆ ಸೀಲ್ ಹಾಕೋರು ನೀವು. ನಿಮ್ಮ ಟ್ಯಾಂಕಿಗೆ ಸೀಲ್ ಹಾಕಿದ್ಯಾರು?"

ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನು ಗಾಡಿಯನ್ನು ಪಕ್ಕಕ್ಕೆ ತಳ್ಳಿದೆ. ಬಂಕಿನ ಗೇಟು ದಾಟುವಷ್ಟರಲ್ಲಿ ಅದು ಪೂರ್ತಿ ಉಸಿರು ಬಿಟ್ಟಿತು. ಅಲ್ಲಿಂದ ಮನೆಗೆ ಎರಡು ಕಿಲೋಮೀಟರ್, ಅದರಲ್ಲಿ ಮುಕ್ಕಾಲು ಪಾಲು ಏರು.

ನಮ್ಮ ಗೇಟಿನ ಎದುರಿಗೇ ಟೈಲರ್ ಅಂಗಡಿ. ಟೈಲರ್ ಕತ್ತಿಗೆ ಟೇಪು ಹಾಕಿಕೊಂಡು ಬಾಗಿಲಲ್ಲೇ ನಿಂತಿರುತ್ತಾನೆ. ಬೀದಿಯಲ್ಲಿ ಹೋಗುವವರ ಅಳತೆಯನ್ನು ಕಣ್ಣಲ್ಲೇ ತೆಗೆಯುವುದು ಅವನ ಅಭ್ಯಾಸ.

"ಏನ್ ಸಾರ್, ತಳ್ಕೊಂಡು ಬರ್ತಿದ್ದೀರಾ?"

"ವ್ಯಾಯಾಮ."

"ಗೊತ್ತಾಗ್ತಿದೆ ಬಿಡಿ, ಅಂಗಿ ಹಿಂಡಿದ್ರೆ ಒಂದು ಬಕೆಟ್ ಬರುತ್ತೆ."

ನಾನು ಗೇಟಿನೊಳಗೆ ಗಾಡಿ ನಿಲ್ಲಿಸಿ ಮತ್ತೆ ಮುಚ್ಚಳದ ಜೊತೆ ಗುದ್ದಾಟಕ್ಕಿಳಿದೆ. ಟೈಲರ್ ಎರಡು ನಿಮಿಷ ನೋಡಿದ, ಒಳಗೆ ಹೋದ, ಬರುವಾಗ ಹೊಲಿಗೆ ಯಂತ್ರದ ಎಣ್ಣೆಯನ್ನೂ ಒಂದು ಮೊಳದ ಕತ್ತರಿಯನ್ನೂ ಹಿಡಿದುಕೊಂಡು ಬಂದ. "ಸರೀರಿ ಸಾರ್. ಎಣ್ಣೆ ಎರಡು ಹನಿ, ಆಮೇಲೆ ಇದರ ತುದಿ ಹಾಕಿ ಒಂದೇ ಮೀಟು."

ಕತ್ತರಿಯ ತುದಿ ಮಾವನ ಟ್ಯಾಂಕಿನ ಹತ್ತಿರ ಬಂದದ್ದು ನೋಡಿ ನನ್ನ ಜೀವ ಬಾಯಿಗೆ ಬಂತು. ಮೂವತ್ತೊಂದು ವರ್ಷ ಗೀರು ಕಾಣದ ಟ್ಯಾಂಕು! "ಮುಟ್ಟಬೇಡ! ಅದನ್ನ ತೆಗೆಯೋ ಹಾಗಿಲ್ಲ!" ಎಂದು ಕೂಗಿದೆ.

"ಯಾಕೆ ಸಾರ್?"

ತೆಗೆಯಲು ಬರುವುದಿಲ್ಲ ಎಂದು ಹೇಳಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಸರ್ಕಾರಿ ನೌಕರನಾಗಿ ಹದಿನೆಂಟು ವರ್ಷದಲ್ಲಿ ನಾನು ಕಲಿತ ಒಂದೇ ವಿದ್ಯೆಯೆಂದರೆ, ಆಗದ ಕೆಲಸವನ್ನು ಆಗುವುದಿಲ್ಲ ಎನ್ನಬಾರದು, ಅಪ್ಪಣೆ ಇಲ್ಲ ಎನ್ನಬೇಕು.

"ಮಾವನವರ ಅಪ್ಪಣೆ ಇಲ್ಲ. ಅವರೇ ಬಂದು ತೆಗೀಬೇಕು."

"ಪೆಟ್ರೋಲ್ ಹಾಕೋಕೂ ಅಪ್ಪಣೆ ಬೇಕಾ? ಒಳಗೇನಿದೆ?"

"ಹೇಳೋ ಹಾಗಿಲ್ಲ" ಎಂದೆ.

ಟೈಲರ್ ಕತ್ತರಿ ಕೆಳಗಿಳಿಸಿದ. ಅವನ ಮುಖದ ಮೇಲೆ ನಿಧಾನವಾಗಿ ಒಂದು ಭಕ್ತಿ ಮೂಡಿತು. ಅದನ್ನು ನೋಡಿ ನಾನು ಗೆದ್ದೆನೆಂದುಕೊಂಡು ಸ್ನಾನಕ್ಕೆ ಹೋದೆ. ಸ್ನಾನ ಮುಗಿಸಿ ಬಂದು ನೋಡಿದರೆ ಗೇಟಿನೊಳಗೆ ಐದು ಜನ. ಒಬ್ಬ ಟ್ಯಾಂಕಿಗೆ ಕಿವಿ ಇಟ್ಟಿದ್ದಾನೆ. ಇನ್ನೊಬ್ಬ ಬೆರಳಲ್ಲಿ ತಟ್ಟಿ, "ಟೊಳ್ಳು ಸದ್ದು ಬರ್ತಿಲ್ಲ, ಏನೋ ಇದೆ" ಎನ್ನುತ್ತಿದ್ದಾನೆ. ಮೂರನೆಯವನು ಚಾಕುವಿನಿಂದ ಕೀಲಿಯ ಕಿಂಡಿ ಕೆದಕುತ್ತಿದ್ದಾನೆ. ಎಲ್ಲರನ್ನೂ ಅಟ್ಟಿದೆ. ಅಟ್ಟಿದವರು ಎದುರಿನ ಅಂಗಡಿಯ ಕಟ್ಟೆಯ ಮೇಲೆ ಕೂತು ನಾನು ಯಾವಾಗ ಊಟಕ್ಕೆ ಹೋಗುತ್ತೇನೆಂದು ಕಾಯತೊಡಗಿದರು.

ಗಾಡಿಯನ್ನು ಕಾಯುವುದು ಹೇಗೆ? ಆಗ ನನ್ನ ಆಫೀಸಿನ ಚೀಲ ಕಣ್ಣಿಗೆ ಬಿತ್ತು. ಅದರಲ್ಲಿ ತಂತಿ ಇತ್ತು, ಸೀಸದ ಗುಂಡುಗಳಿದ್ದವು, ಇಕ್ಕಳವಿತ್ತು. ಕೆಟ್ಟ ಬುದ್ಧಿ ಬರುವಾಗ ಸಲಕರಣೆ ಸಮೇತ ಬರುತ್ತದೆ. ಕೀಲಿಯ ಕಿಂಡಿ ಮುಚ್ಚುವ ಪುಟ್ಟ ತಗಡಿಗೆ ತಂತಿ ಪೋಣಿಸಿ, ಹ್ಯಾಂಡಲಿಗೆ ಬಿಗಿದು, ಗುಂಡು ಸೇರಿಸಿ ಇಕ್ಕಳ ಒತ್ತಿದೆ. ಸೀಸದ ಮೇಲೆ ಇಲಾಖೆಯ ಮುದ್ರೆ ಸ್ಪಷ್ಟವಾಗಿ ಮೂಡಿತು. ಇಷ್ಟು ಅಚ್ಚುಕಟ್ಟಾದ ಮೊಹರನ್ನು ನಾನು ಯಾವ ಪಂಪಿಗೂ ಹಾಕಿರಲಿಲ್ಲ. ಕಟ್ಟೆಯ ಮೇಲಿದ್ದವರು ಎದ್ದು ನಿಂತು ನೋಡಿದರು, ಯಾರೂ ಹತ್ತಿರ ಬರಲಿಲ್ಲ.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. "ರೀ, ಅಪ್ಪನಿಗೆ ಒಂದು ಫೋನ್ ಮಾಡಿದ್ರೆ ಮುಗೀತಿತ್ತಲ್ಲ."

"ಮಾಡಿದ್ರೆ ನಿನ್ನ ತಂಗಿ ಗಂಡನಿಗೆ ಗೊತ್ತಾಗುತ್ತೆ. ಗೊತ್ತಾದ್ರೆ ಗಾಡಿ ಅವನ ಪಾಲು."

"ಈಗ ಬೀದಿಗೆಲ್ಲ ಗೊತ್ತಾಯ್ತು."

ನಿಜಕ್ಕೂ ಗೊತ್ತಾಗಿತ್ತು, ಆದರೆ ಬೇರೆಯದೇ ಗೊತ್ತಾಗಿತ್ತು. ಮಧ್ಯಾಹ್ನದ ಹೊತ್ತಿಗೆ ಟ್ಯಾಂಕಿನೊಳಗೆ ಚಿನ್ನ ಇತ್ತು. ಸಂಜೆಯಾಗುವಷ್ಟರಲ್ಲಿ ಚಿನ್ನ ಹೋಗಿ ಮಾವನ ಉಯಿಲು ಬಂದಿತ್ತು. ಆರು ಗಂಟೆಗೆ ಷಡ್ಡಕನ ಫೋನು. ಅವನ ಪ್ಯಾಂಟುಗಳನ್ನೆಲ್ಲ ನಮ್ಮ ಟೈಲರೇ ಹೊಲಿಯುವುದು.

"ಏನ್ ಅಣ್ಣ, ಮಾವ ಉಯಿಲು ಬರೆದು ಪ್ಲಾಸ್ಟಿಕ್‌ನಲ್ಲಿ ಸುತ್ತಿ ಟ್ಯಾಂಕಲ್ಲಿ ಇಟ್ಟಿದ್ದಾರಂತೆ? ಸರ್ಕಾರದಿಂದ ಸೀಲ್ ಬೇರೆ ಆಗಿದೆಯಂತೆ? ನನಗೊಂದು ಮಾತು ಹೇಳಬಾರದಾ?"

"ಯಾರಪ್ಪ ಹೇಳಿದ್ದು?"

"ಯಾರು ಹೇಳಿದ್ರೇನು, ಇದೆಯೋ ಇಲ್ವೋ?"

ನಾನು ಫೋನಿಟ್ಟೆ. ಏಳಕ್ಕೆ ಸರಿಯಾಗಿ ಮಾವನ ಫೋನು. ಅವರು ದಿನವೂ ಏಳಕ್ಕೆ ಮಾಡುತ್ತಾರೆ, "ಹೇಗಿದೆ?" ಎಂದು ಕೇಳುತ್ತಾರೆ. ಕೇಳುವುದು ಮಗಳನ್ನಲ್ಲ, ನನ್ನನ್ನಂತೂ ಅಲ್ಲವೇ ಅಲ್ಲ.

"ಆರೋಗ್ಯವಾಗಿದೆ ಮಾವ."

"ಇಷ್ಟು ಹೊತ್ತಿಗೆ ಪೆಟ್ರೋಲ್ ಖಾಲಿ ಆಗಿರಬೇಕಲ್ಲ. ಹಾಕಿಸಿದ್ರಾ?"

ನಾನು ಬಾಯಿ ತೆರೆಯುವ ಮೊದಲೇ ಇವಳು ಫೋನು ಕಿತ್ತುಕೊಂಡಳು. "ಅಪ್ಪ, ಮುಚ್ಚಳ ತೆಗೆಯೋಕೇ ಆಗ್ತಿಲ್ಲ ಇವರಿಗೆ. ಬೆಳಿಗ್ಗೆಯಿಂದ ಒದ್ದಾಡ್ತಿದ್ದಾರೆ."

ಆ ಕಡೆಯಿಂದ ಬಂದ ನಗು ನನಗೂ ಕೇಳಿಸಿತು. ಸೊಂಟ ಹೋದ ಮೇಲೆ ಅವರು ಹಾಗೆ ನಕ್ಕದ್ದನ್ನು ನಾನು ಕೇಳಿಯೇ ಇರಲಿಲ್ಲ. "ನಾನು ಹೇಳ್ಲಿಲ್ವಾ! ನನ್ನ ಕೈಯೇ ಬೇಕು ಅದಕ್ಕೆ! ಯಾರೂ ಮುಟ್ಟಬೇಡಿ, ಬೆಳಿಗ್ಗೆ ನಾನು ಬರ್ತೀನಿ! ಏ ಇವಳೇ, ನನ್ನ ಬಿಳಿ ಅಂಗಿ ಎಲ್ಲಿಟ್ಟೆ?"

ಇಷ್ಟಕ್ಕೇ ನಿಂತಿದ್ದರೂ ಅಡ್ಡಿಯಿರಲಿಲ್ಲ. ಆದರೆ ನಮ್ಮ ಬೀದಿಯಲ್ಲಿ 'ಕಾಯ್ದೆ' ಇದ್ದಾರೆ. ಕೋರ್ಟಿನಲ್ಲಿ ಗುಮಾಸ್ತರಾಗಿದ್ದು ನಿವೃತ್ತರಾದವರು. ಬೀದಿಯ ನಾಯಿ ಬೊಗಳಿದರೂ ಅದು ಯಾವ ಕಲಮಿನ ಕೆಳಗೆ ಬರುತ್ತದೆಂದು ಹೇಳುತ್ತಾರೆ. ಭಾನುವಾರ ಬೆಳಗಾಗುತ್ತಲೇ ಬಂದು, ಭೂತಗನ್ನಡಿ ಹಿಡಿದು ಮೊಹರನ್ನು ಓದಿ, ಎರಡು ಹೆಜ್ಜೆ ಹಿಂದೆ ಸರಿದರು.

"ಇದು ಇಲಾಖೆಯ ಮೊಹರು. ಇದನ್ನ ನೀವೂ ಒಡೆಯೋ ಹಾಗಿಲ್ಲ, ನಿಮ್ಮ ಮಾವನೂ ಒಡೆಯೋ ಹಾಗಿಲ್ಲ. ಅಧಿಕಾರಿ ಬರಬೇಕು, ಇಬ್ಬರು ಸಾಕ್ಷಿ ಬೇಕು, ಮಹಜರು ಆಗಬೇಕು."

"ಸಾರ್, ಹಾಕಿದೋನು ನಾನೇ."

"ಹಾಕಿದೋರು ನೀವೇ ಅನ್ನೋದು ಇನ್ನೂ ಕೆಟ್ಟದ್ದು" ಎಂದು ಅವರು ಸಮಾಧಾನದಿಂದ ಹೇಳಿದರು. "ಹೆದರಬೇಡಿ. ನಿಮ್ಮ ಸಾಹೇಬರಿಗೆ ನಾನೇ ಫೋನ್ ಮಾಡಿದ್ದೀನಿ."

ಹತ್ತು ಗಂಟೆಗೆ ಎಲ್ಲರೂ ಸೇರಿದರು. ಸಾಹೇಬರು ಭಾನುವಾರದ ಚಪ್ಪಲಿಯಲ್ಲಿ, ಆದರೆ ಆಫೀಸಿನ ಮುಖದಲ್ಲಿ ಬಂದರು. ಷಡ್ಡಕ ಹೊಸ ಪ್ಯಾಂಟು ಹಾಕಿಕೊಂಡು ಬಂದ. ಕಡೆಗೆ ಆಟೋದಲ್ಲಿ ಅತ್ತೆ ಮಾವ ಬಂದರು. ಮಾವ ಬಿಳಿ ಅಂಗಿ ತೊಟ್ಟು, ತಲೆ ಬಾಚಿ, ಕೋಲನ್ನು ಆಟೋದಲ್ಲೇ ಬಿಟ್ಟು ಕುಂಟುತ್ತ ಇಳಿದರು. ಅಷ್ಟು ಜನರನ್ನು ನೋಡಿ ಅವರ ಎದೆ ಉಬ್ಬಿತು. ಎಲ್ಲರೂ ತಮ್ಮ ಕೈಚಳಕ ನೋಡಲು ಬಂದವರೆಂದು ತಿಳಿದು ಸುತ್ತಲೂ ಕೈಮುಗಿದರು. ಅತ್ತೆ ಯಾರನ್ನೂ ಗಮನಿಸದೆ, ದೊಡ್ಡ ಕೈಚೀಲವನ್ನು ಹೆಗಲಿಗೆ ಏರಿಸಿಕೊಂಡು, "ಒಂದು ಲೋಟ ನೀರು ಕೊಡೇ" ಎನ್ನುತ್ತ ಮಗಳ ಹಿಂದೆ ಒಳಗೆ ಹೋದರು.

ಸಾಹೇಬರು ನನ್ನನ್ನು ಹತ್ತಿರ ಕರೆದರು. "ಇದು ಯಾವ ಫೈಲಿನ ಮೊಹರು?"

"ಫೈಲ್ ಇಲ್ಲ ಸಾರ್."

"ಟ್ಯಾಂಕಿನ ಅಳತೆ ಪರೀಕ್ಷೆ ಆಗಿದೆಯಾ?"

"ಇಲ್ಲ ಸಾರ್."

"ಅಳತೆ ಮಾಡದ ವಸ್ತುವಿಗೆ ಮೊಹರು! ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ನಾನು ಇದನ್ನ ನೋಡಿಲ್ಲ. ನಾಳೆ ಲಿಖಿತ ವಿವರಣೆ ಕೊಡಿ. ಈಗ ಮಹಜರು ಬರ್ಕೊಳ್ತೀನಿ." ಅವರು ಟೈಲರಂಗಡಿಯ ಸ್ಟೂಲಿನ ಮೇಲೆ ಕೂತು ಕಾಗದ ಬಿಚ್ಚಿದರು. ಟೈಲರ್ ಒಂದನೇ ಸಾಕ್ಷಿಯಾದ, ಕಾಯ್ದೆ ಎರಡನೆಯವರು. ತಂತಿ ಕತ್ತರಿಸಲು ಕೊನೆಗೂ ಟೈಲರನ ಕತ್ತರಿಯೇ ಬೇಕಾಯಿತು. ಅವನು ಅದನ್ನು ಎಷ್ಟು ಗಂಭೀರವಾಗಿ ಕತ್ತರಿಸಿದನೆಂದರೆ ಹಿಂದೆ ಇಬ್ಬರು ಚಪ್ಪಾಳೆ ತಟ್ಟಿದರು.

"ಹಾಂ, ಈಗ ಮುಚ್ಚಳ ತೆಗೆಯಬಹುದು" ಎಂದರು ಸಾಹೇಬರು.

ಮಾವ ತೋಳು ಮಡಚಿದರು. "ಎಲ್ಲರೂ ಸ್ವಲ್ಪ ಸರೀರಿ, ಗಾಳಿ ಬರಲಿ" ಎಂದರು. ಕೀಲಿಯನ್ನು ಎರಡು ಬೆರಳಲ್ಲಿ ಹಿಡಿದು, ಕಣ್ಣು ಅರ್ಧ ಮುಚ್ಚಿ, ತಿರುಗಿಸಿದರು.

ಕೀಲಿ ಅರ್ಧಕ್ಕೆ ನಿಂತಿತು.

"ಬಿಸಿಲಿಗೆ ಹಿಗ್ಗಿದೆ" ಎಂದರು ಮಾವ. ನಾನು ಗಾಡಿಯನ್ನು ನೆರಳಿಗೆ ತಳ್ಳಿದೆ. ಮತ್ತೆ ತಿರುಗಿಸಿದರು. ಅರ್ಧಕ್ಕೆ ನಿಂತಿತು. "ಕೈ ಬೆವತಿದೆ" ಎಂದು ಅಂಗಿಗೆ ಒರೆಸಿಕೊಂಡರು. ಮೂರನೆಯ ಸಲವೂ ನಿಂತಿತು. ಜನ ಒಬ್ಬರ ಮುಖ ಒಬ್ಬರು ನೋಡಿದರು. ಕಾಯ್ದೆ ಕೆಮ್ಮಿದರು. ಷಡ್ಡಕ ಮುಂದೆ ಬಂದು, "ಮಾವ, ನಾನೊಂದು ಕೈ ನೋಡ್ಲಾ?" ಎಂದ.

ನಿಜ ಹೇಳಬೇಕೆಂದರೆ ಒಂದು ಕ್ಷಣ ನನಗೆ ಖುಷಿಯಾಯಿತು. ಅವರ ಕೈಗೇ ಬಗ್ಗದ ಮುಚ್ಚಳ ನನ್ನ ಕೈಗೆ ಬಗ್ಗದಿದ್ದರೆ ಅದು ನನ್ನ ತಪ್ಪೇ? ಹೇಳಲು ಬಾಯಿ ತೆರೆದೂ ಇದ್ದೆ. ಅಷ್ಟರಲ್ಲಿ ಮಾವನ ಮುಖ ನೋಡಿದೆ. ಅವರು ತಮ್ಮ ಬಲಗೈಯನ್ನು ಅದು ಯಾರದೋ ಎಂಬಂತೆ ನೋಡಿಕೊಳ್ಳುತ್ತಿದ್ದರು. ಪಕ್ಕದಲ್ಲಿದ್ದ ನನಗೊಬ್ಬನಿಗೇ ಕೇಳುವಂತೆ, "ಕಾಲು ಹೋಗಿತ್ತು, ಈಗ ಕೈಯೂ ಹೋಯ್ತು ಅಳಿಯಂದಿರೇ" ಎಂದರು.

ಬಿಳಿ ಅಂಗಿ ಹಾಕಿಕೊಂಡು, ಕೋಲು ಬಿಟ್ಟು, ಈ ಒಂದು ಕೆಲಸವಾದರೂ ತನಗೆ ಉಳಿದಿದೆಯೆಂದು ಬಂದ ಮನುಷ್ಯ. ನಾಳೆಯಿಂದ ಏಳು ಗಂಟೆಗೆ ಫೋನು ಬರುವುದಿಲ್ಲವೆಂದು ನನಗೆ ಅನ್ನಿಸಿತು. ಏನು ಹೇಳುತ್ತಿದ್ದೇನೆಂದು ಯೋಚಿಸುವ ಮೊದಲೇ ಬಾಯಿಂದ ಹೊರಟುಹೋಯಿತು.

"ಸಾರ್, ಬರ್ಕೊಳ್ಳಿ. ಬೀಗ ಕೆಡಿಸಿದ್ದು ನಾನು. ಮೊಹರು ಹಾಕುವಾಗ ಕಿಂಡಿಯೊಳಗೆ ಇಕ್ಕಳ ತೂರಿಸಿದೆ, ಏನೋ ಮುರೀತು. ಇನ್ನು ಇದು ಯಾರ ಕೈಗೂ ಬರಲ್ಲ. ಮಾವನವರ ಕೈಯಲ್ಲಿ ಏನೂ ದೋಷ ಇಲ್ಲ."

ಗದ್ದಲ ಎದ್ದಿತು. ಸಾಹೇಬರು, "ಖಾಸಗಿ ವಸ್ತುವಿಗೆ ಹಾನಿ, ಅದೂ ಇಲಾಖೆಯ ಇಕ್ಕಳದಿಂದ" ಎಂದು ಹೇಳಿಕೊಳ್ಳುತ್ತ ಬರೆದರು. ಷಡ್ಡಕನ ಮುಖ ಬೆಳಗಿತು. ಅವನು ಆಗಲೇ ಸೀಟನ್ನು ಕರವಸ್ತ್ರದಿಂದ ಒರೆಸತೊಡಗಿದ. ಮಾವ ನನ್ನನ್ನೇ ನೋಡುತ್ತ ನಿಂತರು.

ಆ ಗದ್ದಲಕ್ಕೆ ಅತ್ತೆ ಹೊರಗೆ ಬಂದರು, ಹಿಂದೆ ಇವಳು. "ಏನ್ರೀ, ಇನ್ನೂ ಆಗ್ಲಿಲ್ವಾ? ಈ ಬಿಸಿಲಲ್ಲಿ ಎಷ್ಟು ಹೊತ್ತು ನಿಲ್ತೀರಿ?" ಎನ್ನುತ್ತ ಜನರನ್ನು ಸರಿಸಿಕೊಂಡು ಗಾಡಿಯ ಪಕ್ಕಕ್ಕೆ ಬಂದರು. "ಅಬ್ಬಾ, ಭುಜ ಬಿದ್ದುಹೋಯ್ತು" ಎಂದು ದೊಡ್ಡ ಕೈಚೀಲವನ್ನು ದೊಪ್ಪನೆ ಟ್ಯಾಂಕಿನ ಮೇಲಿಟ್ಟರು. ಎಡಗೈಯನ್ನು ಚೀಲದ ಕೆಳಗೆ ಊರಿ, ಬಲಗೈಯನ್ನು ಒಳಗೆ ಹಾಕಿ ಹುಡುಕತೊಡಗಿದರು.

"ಈಗ ಏನು ಹುಡುಕ್ತೀಯಾ ನೀನು?" ಮಾವ ಸಿಡುಕಿದರು.

"ಕನ್ನಡಕ ಎಲ್ಲಿ ಹೋಯ್ತೋ ನೋಡ್ತಿದ್ದೀನಿ. ನನ್ನ ಪಾಡಿಗೆ ನಾನು ಹುಡುಕ್ಕೊಳ್ತೀನಿ, ನೀವು ನಿಮ್ಮ ಕೆಲಸ ನೋಡಿ. ಇನ್ನೊಂದ್ಸಲ ತಿರುಗಿಸಿ."

ಮಾವ ಮನಸ್ಸಿಲ್ಲದ ಮನಸ್ಸಿನಿಂದ ಕೀಲಿ ತಿರುಗಿಸಿದರು.

ಟಿಕ್.

ಮುಚ್ಚಳ ತೆರೆದುಕೊಂಡಿತು. ಬೀದಿಯೇ ಹೋ ಎಂದಿತು. ಟೈಲರ್ ಶಿಳ್ಳೆ ಹಾಕಿದ. ಮಾವ ಎರಡೂ ಕೈ ಮೇಲೆತ್ತಿ, "ನೋಡಿದ್ರಾ! ನನ್ನ ಕೈ! ನನ್ನ ಕೈ ಕಣ್ರೀ ಇದು!" ಎಂದು ಕೂಗಿದರು. ಸೊಂಟ ನೆಟ್ಟಗಾಗಿತ್ತು. ಕಣ್ಣಲ್ಲಿ ನೀರಿತ್ತು.

ಆದರೆ ನಾನು ಚೀಲದ ಭಾರಕ್ಕೆ ಗಾಡಿ ಅಲುಗದಂತೆ ಹಿಂಬದಿಯಲ್ಲಿ ಬಗ್ಗಿ ಹಿಡಿದು ನಿಂತಿದ್ದೆ. ಚೀಲದ ಕೆಳಗಿನ ಆ ಎಡಗೈಯನ್ನು ನೋಡಿದೆ. ಅಂಗೈಯ ಬುಡ ಮುಚ್ಚಳದ ಹಿಂಭಾಗದಲ್ಲಿ, ನಾವ್ಯಾರೂ ಒತ್ತದ ಯಾವುದೋ ಒಂದು ಮೂಲೆಯಲ್ಲಿ ಕೂತಿತ್ತು. ಅತ್ತೆ ಮೈಯ ಭಾರವನ್ನೆಲ್ಲ ಅದರ ಮೇಲೆ ಹಾಕಿದ್ದರು. ಮುಚ್ಚಳ ತೆರೆದ ತಕ್ಷಣ ಆ ಕೈ ಚೀಲದ ಜೊತೆಗೇ ಸರಿದು ಹೋಯಿತು. ಕನ್ನಡಕವೋ, ಅವರ ಮೂಗಿನ ಮೇಲೇ ಇತ್ತು.

ಮೂವತ್ತೊಂದು ವರ್ಷ. ಪ್ರತಿ ಬಂಕಿನಲ್ಲೂ ಹಿಂದಿನಿಂದ ಇಳಿದು, ಚೀಲವನ್ನು ಟ್ಯಾಂಕಿನ ಮೇಲಿಟ್ಟು, ಏನನ್ನೋ ಹುಡುಕುತ್ತ ನಿಂತಿದ್ದಾರೆ ಈ ಹೆಂಗಸು. ಮಾವನಿಗೆ ಒಂದು ದಿನವೂ ಅನುಮಾನ ಬಂದಿಲ್ಲ. ನಾನು ತಲೆಯೆತ್ತಿದಾಗ ಇವಳ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅವಳೂ ನೋಡಿದ್ದಳು.

ಸಾಹೇಬರು ಎದ್ದು ಬಂದು ಟ್ಯಾಂಕಿನೊಳಗೆ ಇಣುಕಿದರು. ಷಡ್ಡಕ ಅವರ ಭುಜದ ಮೇಲಿಂದ ಇಣುಕಿದ. ಸಾಹೇಬರು ಗಟ್ಟಿಯಾಗಿ ಓದುತ್ತ ಬರೆದರು: "ಮೊಹರು ಒಡೆಯಲಾಯಿತು. ಒಳಗೆ ಪರಿಶೀಲಿಸಲಾಯಿತು. ಉಯಿಲು ಕಂಡುಬರಲಿಲ್ಲ. ಚಿನ್ನ ಕಂಡುಬರಲಿಲ್ಲ. ಪೆಟ್ರೋಲು ಸಹ ಕಂಡುಬರಲಿಲ್ಲ." ಇಬ್ಬರೂ ಸಾಕ್ಷಿಗಳು ರುಜು ಹಾಕಿದರು. ಆಮೇಲೆ ಸಾಹೇಬರು ನನ್ನ ಕಡೆ ತಿರುಗಿ, "ಬೀಗ ಮುರಿದೆ ಅಂದ್ರಲ್ಲ, ಅದು ಹೇಗೆ ತೆರೀತು?" ಎಂದರು.

ಮಾವ ನನ್ನ ಹೆಗಲ ಮೇಲೆ ಕೈಹಾಕಿದರು. "ಸುಳ್ಳು ಹೇಳಿದ್ರು ಸಾರ್. ನನ್ನ ಮಾನ ಹೋಗುತ್ತೆ ಅಂತ ತಮ್ಮ ಮೇಲೆ ಹಾಕ್ಕೊಂಡ್ರು. ಅದನ್ನ ಹೊಡೆದುಹಾಕಿ." ಸಾಹೇಬರು ಆ ಸಾಲು ಹೊಡೆದುಹಾಕಿ, ಕಾಗದವನ್ನು ನಾಲ್ಕಾಗಿ ಮಡಚಿ ಜೇಬಿಗಿಟ್ಟುಕೊಂಡರು. ನಾಳೆಯ ಲಿಖಿತ ವಿವರಣೆಯ ಮಾತು ಮತ್ತೆ ಎತ್ತಲಿಲ್ಲ.

ಮಾವ ಷಡ್ಡಕನನ್ನು ನೋಡಿದರು, ಅವನ ಕರವಸ್ತ್ರವನ್ನು ನೋಡಿದರು. "ಒರೆಸಿದ್ದು ಸಾಕು. ಆರು ತಿಂಗಳ ಮಾತು ಈಗಿಲ್ಲ. ಗಾಡಿ ದೊಡ್ಡ ಅಳಿಯಂದಿರದೇ." ಹಾಗೆಂದು, ಜಯಘೋಷದ ನಡುವೆ, ಮುಚ್ಚಳವನ್ನು ಫಟ್ಟನೆ ಮುಚ್ಚಿ ಕೀಲಿ ತೆಗೆದು ನನ್ನ ಕೈಗಿಟ್ಟರು.

ಒಳಗೆ ಒಂದು ಹನಿ ಪೆಟ್ರೋಲಿಲ್ಲ. ರುಜು ಹಾಕಿದ ಕೂಡಲೇ ಪಕ್ಕದ ಬೀದಿಯ ಯಾರದೋ ಮನೆಯಿಂದ ಪೆಟ್ರೋಲು ತರಲು ಹೋಗಿದ್ದ ಟೈಲರ್ ಒಂದು ಕ್ಯಾನು ಹಿಡಿದುಕೊಂಡು ಆಗ ತಾನೇ ಬೀದಿಯ ತಿರುವಿನಲ್ಲಿ ಓಡಿ ಬರುತ್ತಿದ್ದ. ಮುಚ್ಚಿದ ಮುಚ್ಚಳ ನೋಡಿ ಅಲ್ಲೇ ನಿಂತ. ಇನ್ನೊಂದು ಸಲ ತೆಗೆಯಿರಿ ಎಂದು ಮಾವನಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ, ಎಲ್ಲರಿಗಿಂತ ಕಡಿಮೆ ನನಗೆ.

"ಕೈ ಪಳಗಬೇಕು ಅಳಿಯಂದಿರೇ" ಎಂದರು ಮಾವ, ಆಟೋ ಹತ್ತುವ ಮುಂಚೆ. "ಒಂದು ದಿನಕ್ಕೆ ಬರೋದಲ್ಲ ಇದು. ಮೂವತ್ತು ವರ್ಷ ಬೇಕು."

"ಹೌದು, ಬೇಕು" ಎಂದರು ಅತ್ತೆ.

ಅವರು ಮಗಳನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿಕೊಂಡರು, ಐದು ನಿಮಿಷವಾದರೂ ಒಳಗಿದ್ದಿರಬೇಕು. ಹೊರಗೆ ಬಂದಾಗ ನಾನು ಹತ್ತಿರ ಹೋಗಿ ಮೆಲ್ಲಗೆ ಕೇಳಿದೆ. "ಅತ್ತೆ, ಎಲ್ಲಿ ಒತ್ತಿದ್ರಿ?"

"ಒತ್ತೋದಾ? ಏನು ಒತ್ತೋದು? ಕನ್ನಡಕ ಹುಡುಕ್ತಿದ್ದೆನಪ್ಪ ನಾನು" ಎಂದು, ಆಟೋದಲ್ಲಿ ಮಾವನ ಪಕ್ಕ ಕೂತು, ಕೋಲನ್ನು ಅವರಿಗೆ ಕಾಣದಂತೆ ಕಾಲಿನ ಹಿಂದೆ ಸರಿಸಿದರು. ಮಾವ ಇನ್ನೂ ತಮ್ಮ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

ಬೀದಿ ಖಾಲಿಯಾದ ಮೇಲೆ ನಾನು ಗೇಟು ಹಾಕಿ, ಅತ್ತೆ ಒತ್ತಿದ್ದ ಮೂಲೆಯನ್ನು ಅಂದಾಜು ಮಾಡಿ ಒತ್ತಿದೆ, ಕೀಲಿ ತಿರುಗಿಸಿದೆ. ಅರ್ಧಕ್ಕೆ ನಿಂತಿತು. ಒಂದು ಬೆರಳು ಆಚೆ ಒತ್ತಿದೆ, ಈಚೆ ಒತ್ತಿದೆ. ಬೆವರು ಬಂತೇ ಹೊರತು ಮುಚ್ಚಳ ಬರಲಿಲ್ಲ. ಸೋತು ಒಳಗೆ ಹೋದೆ. ಇವಳು ಕಪಾಟಿನ ಮುಂದೆ ನಿಂತು ತನ್ನ ಚೀಲಗಳನ್ನೆಲ್ಲ ಹೊರಗೆ ಹಾಕಿ, ಒಂದೊಂದನ್ನೇ ಎತ್ತಿ ಅಗಲ ನೋಡುತ್ತಿದ್ದಳು.

"ಅಮ್ಮ ಏನು ಹೇಳಿದ್ರು?"

"ಏನಿಲ್ಲ" ಎಂದಳು, ಎಲ್ಲಕ್ಕಿಂತ ದೊಡ್ಡದನ್ನು ಹೆಗಲಿಗೆ ಹಾಕಿಕೊಂಡು. "ಇನ್ಮೇಲೆ ನೀವು ಪೆಟ್ರೋಲ್ ಹಾಕಿಸೋಕೆ ಹೋಗುವಾಗೆಲ್ಲ ನಾನೂ ಜೊತೆಗೆ ಬರಬೇಕಂತೆ. ನಡೀರಿ, ತಳ್ಳಿ."